30% ಡ್ರಾಯಿಂಗ್ ಕೈಯಲ್ಲಿದೆ: ಡಿಸೈನ್-ಬಿಲ್ಡ್‌ಗೆ ಕೊಡುವುದೋ, ವಿನ್ಯಾಸ ಮುಗಿಸಿ ಟೆಂಡರ್ ಕರೆಯುವುದೋ?

ಪ್ರಶ್ನೆ:
ನಾಲ್ಕು ಮಹಡಿಯ ಪ್ರಯೋಗಾಲಯ ಕಟ್ಟಡ. ಆರ್ಕಿಟೆಕ್ಟ್ ಡ್ರಾಯಿಂಗ್ ಸುಮಾರು 30% ಆಗಿದೆ, ಸ್ಟ್ರಕ್ಚರಲ್ ಮತ್ತು ಎಲೆಕ್ಟ್ರಿಕಲ್ ಶುರುವಾಗಿಲ್ಲ. ಉಳಿದ ವಿನ್ಯಾಸವನ್ನೂ ಗುತ್ತಿಗೆದಾರರಿಗೇ ಒಪ್ಪಿಸಿ (ಡಿಸೈನ್-ಬಿಲ್ಡ್) ಲಂಪ್‌ಸಮ್‌ಗೆ, ಅಂದರೆ ಇಡೀ ಕೆಲಸಕ್ಕೆ ಒಂದೇ ನಿಗದಿತ ಮೊತ್ತಕ್ಕೆ, ಕೊಟ್ಟರೆ ಸಮಯ ಉಳಿಯುತ್ತದೆ ಎನ್ನುತ್ತಾರೆ. ಉಳಿಯುತ್ತದೆಯೇ? ಗುಣಮಟ್ಟ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ 1:
ಉಳಿಯುತ್ತದೆ. ಒಳಗಿನ ಕೆಲಸದ ಡ್ರಾಯಿಂಗ್ ನಡೆಯುತ್ತಿರುವಾಗಲೇ ತಳಪಾಯ ತೋಡಬಹುದು. ಆದರೆ ಅಷ್ಟರೊಳಗೆ ಕಾಲಮ್ ಜಾಗ, ಲೋಡ್ ಎರಡೂ ಖಚಿತವಾಗಿರಬೇಕು. ಫುಟಿಂಗ್ ಹಾಕಿದ ಮೇಲೆ ಚಾವಣಿಗೆ ಚಿಲ್ಲರ್ (ಎಸಿಗೆ ನೀರು ತಂಪು ಮಾಡುವ ಭಾರಿ ಯಂತ್ರ) ಬೇಕು ಎಂದರೆ ಉಳಿಸಿದ್ದೆಲ್ಲ ಹೋಯಿತು.

ಗುಣಮಟ್ಟವೇ ದೊಡ್ಡ ಪ್ರಶ್ನೆ. ಲಂಪ್‌ಸಮ್‌ನಲ್ಲಿ ನೀವು ಬರೆಯದೆ ಬಿಟ್ಟದ್ದು ಅತಿ ಅಗ್ಗದ ರೂಪದಲ್ಲೇ ಬರುತ್ತದೆ. 'ಒಳ್ಳೆಯ ಗಾಳಿ ವ್ಯವಸ್ಥೆ' ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ. ಯಾವ ಕೋಣೆಯಲ್ಲಿ ಗಂಟೆಗೆ ಎಷ್ಟು ಸಲ ಗಾಳಿ ಬದಲಾಗಬೇಕು, ಫ್ಯೂಮ್ ಹುಡ್ (ರಾಸಾಯನಿಕ ಹೊಗೆಯನ್ನು ಹೊರಗೆಳೆಯುವ ಗೂಡು) ಎಷ್ಟು, ನೆಲ ಚದರ ಮೀಟರಿಗೆ ಎಷ್ಟು ಕಿಲೋನ್ಯೂಟನ್ ಹೊರಬೇಕು, ಸೂಕ್ಷ್ಮದರ್ಶಕದ ಕೋಣೆಯಲ್ಲಿ ಕಂಪನದ ಮಿತಿ ಏನು, ಮೇಜಿನ ಮೇಲೆ ಎಷ್ಟು ಲಕ್ಸ್ ಬೆಳಕು, ಕರೆಂಟ್ ಹೋದಾಗ ಯಾವ ಸರ್ಕ್ಯೂಟ್ ಜನರೇಟರ್‌ಗೆ ಹೋಗಬೇಕು, ಎಲ್ಲವನ್ನೂ ಬರೆಯಿರಿ. ಪ್ರತಿಯೊಂದನ್ನು ಯಾವ ಪರೀಕ್ಷೆಯಿಂದ ಪಾಸ್ ಮಾಡುತ್ತೀರಿ ಎಂಬುದನ್ನೂ ಪಕ್ಕದಲ್ಲೇ ಸೇರಿಸಿ.

ಉತ್ತರ 2:
ಮೇಲಿನದಕ್ಕೆ ಮಣ್ಣನ್ನು ಸೇರಿಸುತ್ತೇನೆ. ಬೋರ್‌ಹೋಲ್ ವರದಿ (ನೆಲ ಕೊರೆದು ನೋಡಿದ ಮಣ್ಣಿನ ವರದಿ) ಇಲ್ಲದೆ ಬೆಲೆ ಕೇಳಿದರೆ ಒಬ್ಬರು ಅನುಮಾನಕ್ಕೆಂದು ದರ ಏರಿಸುತ್ತಾರೆ, ಇನ್ನೊಬ್ಬರು ಕಡಿಮೆ ಹೇಳಿ ಬಂಡೆ ಸಿಕ್ಕ ದಿನ ಹೆಚ್ಚುವರಿ ಹಣಕ್ಕೆ ಕ್ಲೇಮ್ ಹಾಕುತ್ತಾರೆ. ಮಣ್ಣಿನ ಪರೀಕ್ಷೆಯನ್ನು ನೀವೇ ಮಾಡಿಸಿ, ಬಂಡೆಯ ಆಳ ಮತ್ತು ಅಂತರ್ಜಲ ಮಟ್ಟಕ್ಕೆ ಒಂದು ಗಡಿ ಬರೆಯಿರಿ. ಅದರಾಚೆಗಿನ ಖರ್ಚು ನಿಮ್ಮದು, ಈಚೆಗಿನದು ಅವರದು.

ಪಾವತಿ ಅಳತೆಯ ಮೇಲಲ್ಲ, ಹಂತದ ಮೇಲೆ. ಮೊದಲ ಹಂತಗಳಿಗೇ ಹಣ ತುಂಬಿದ ಪಟ್ಟಿ ಬಂದರೆ ಒಪ್ಪಬೇಡಿ. ಕೊನೆಯ ಪರೀಕ್ಷೆ ಮತ್ತು ಕಮಿಷನಿಂಗ್‌ಗೆ (ಎಲ್ಲ ವ್ಯವಸ್ಥೆಗಳನ್ನು ಚಾಲೂ ಮಾಡಿ ಒಪ್ಪಿಸುವುದಕ್ಕೆ) ಗಣನೀಯ ಮೊತ್ತ ಉಳಿದಿರಬೇಕು.

ಉತ್ತರ 3:
ಆ 30% ಡ್ರಾಯಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಹಾಗೇ ಕೊಟ್ಟರೆ ಅದರೊಳಗಿನ ತಪ್ಪೆಲ್ಲ ನಿಮ್ಮ ಲೆಕ್ಕಕ್ಕೆ ವೇರಿಯೇಷನ್ (ಒಪ್ಪಂದದ ಕೆಲಸದಲ್ಲಿ ಬದಲಾವಣೆ, ಅದರ ಹೆಚ್ಚುವರಿ ಹಣ) ಆಗಿ ಬರುತ್ತದೆ. ಗುತ್ತಿಗೆದಾರರು ಅದನ್ನು ಪರಿಶೀಲಿಸಿ ತಮ್ಮದೆಂದು ಒಪ್ಪಿಕೊಳ್ಳಬೇಕು ಎಂಬ ಷರತ್ತು ಹಾಕಿ, ಅಥವಾ ಆರ್ಕಿಟೆಕ್ಟ್ ಒಪ್ಪಂದವನ್ನೇ ಅವರಿಗೆ ವರ್ಗಾಯಿಸಿ. ವರ್ಗಾಯಿಸಿದ ಮೇಲೆ ಆರ್ಕಿಟೆಕ್ಟ್ ನಿಮ್ಮ ಪರ ಇರುವುದಿಲ್ಲ, ಪರಿಶೀಲನೆಗೆ ಬೇರೆ ಎಂಜಿನಿಯರ್ ಬೇಕು.

ಆ ಎಂಜಿನಿಯರ್‌ಗೂ ಒಂದು ಎಚ್ಚರಿಕೆ: ಷರತ್ತಿಗೆ ಹೊಂದುತ್ತಿಲ್ಲ ಎಂದು ಬರೆಯಲಿ, ಬೀಮ್ ಅಳತೆಯನ್ನು ತಾವೇ ತಿದ್ದಿ ಕೊಡುವುದು ಬೇಡ. ತಿದ್ದಿದ ಭಾಗದ ಹೊಣೆ ನಿಮ್ಮ ಕಡೆಗೆ ವಾಲುತ್ತದೆ. ಇಂಥ ಗುತ್ತಿಗೆಗೆ ಬಳಸುವ ಅಂತರರಾಷ್ಟ್ರೀಯ ಮಾದರಿ ಒಪ್ಪಂದವಾದ ಫಿಡಿಕ್ ಯೆಲ್ಲೋ ಬುಕ್‌ನ 1999ರ ಆವೃತ್ತಿಯಲ್ಲಿ ಪರಿಶೀಲನೆಗೆ ಸಾಮಾನ್ಯವಾಗಿ 21 ದಿನದ ಮಿತಿ ಇದೆ, ಅದಕ್ಕೆ ತಕ್ಕ ಜನ ಇಟ್ಟುಕೊಳ್ಳಿ.

ವಿಮೆಯನ್ನೂ ನೋಡಿ. ಕಟ್ಟಡ ಉದ್ದೇಶಕ್ಕೆ ತಕ್ಕಂತಿರಬೇಕು ಎಂದು ಯೆಲ್ಲೋ ಬುಕ್ ಹೇಳುತ್ತದೆ, ವಿನ್ಯಾಸಕರ ವೃತ್ತಿ ವಿಮೆ ಸಾಮಾನ್ಯವಾಗಿ ನಿರ್ಲಕ್ಷ್ಯವಿದ್ದರೆ ಮಾತ್ರ ಹಣ ಕೊಡುತ್ತದೆ. ಆ ಅಂತರವನ್ನು ಯಾರು ತುಂಬುತ್ತಾರೆ ಎಂಬುದು ಸಹಿಗೆ ಮುಂಚೆ ಇತ್ಯರ್ಥವಾಗಲಿ.

ಯಾವ ಉಪಕರಣ ಬರುತ್ತದೆ ಎಂದು ಪ್ರಯೋಗಾಲಯದವರೇ ಇನ್ನೂ ತೀರ್ಮಾನಿಸಿಲ್ಲವಾದರೆ ಡಿಸೈನ್-ಬಿಲ್ಡ್ ಬೇಡ, ಡ್ರಾಯಿಂಗ್ ಮುಗಿಸಿಯೇ ಟೆಂಡರ್ ಕರೆಯಿರಿ.