‘ಅಂತೆ’ ಮತ್ತು ‘ಎನ್ನಲಾಗಿದೆ’: ‘ಅರ್ಬನ್ ಲೆಜೆಂಡ್’ಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೆ,

ಮಾಧ್ಯಮಗಳು ಪರಿಶೀಲಿಸದೆ ಹರಡುವ ಕಟ್ಟುಕತೆಗಳ ಬಗ್ಗೆ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ಅರ್ಬನ್ ಲೆಜೆಂಡ್’ (ನಿಜವೆಂಬಂತೆ ಬಾಯಿಂದ ಬಾಯಿಗೆ ಹರಡುವ ಕತೆ) ಮತ್ತು ‘ಮಾರಲ್ ಪ್ಯಾನಿಕ್’ (ಸಣ್ಣ ಸಂಗತಿಯನ್ನು ಸಮಾಜಕ್ಕೇ ಬಂದ ಗಂಡಾಂತರವೆಂದು ಬಿಂಬಿಸಿದಾಗ ಏಳುವ ದಿಗಿಲು) ಎಂಬ ಎರಡು ಪದಗಳಲ್ಲಿ ಕೆಲಸ ನಿಂತಿದೆ.

ಮೊದಲನೆಯದಕ್ಕೆ ‘ನಗರ ದಂತಕಥೆ’ ಎಂದು ಬರೆಯಬಹುದು. ಆದರೆ ಶಿವಮೊಗ್ಗ ಜಿಲ್ಲೆಯವರಿಗೆ ನಗರವೆಂದರೆ ಹೊಸನಗರ ತಾಲ್ಲೂಕಿನ ನಗರವೂ ಹೌದು, ಅಂದರೆ 1763ರಲ್ಲಿ ಹೈದರಾಲಿಯ ವಶವಾಗುವವರೆಗೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. ಇಲ್ಲಿ ‘ನಗರದ ದಂತಕಥೆ’ ಎಂದರೆ ಕೇಳುವವರು ಶಿವಪ್ಪನಾಯಕನ ಕಥೆಗೆ ಕಿವಿಗೊಟ್ಟು ಕೂರುತ್ತಾರೆ. ಅದಲ್ಲದೆ, ಈ ಬಗೆಯ ಕತೆ ಹುಟ್ಟಲು ಪಟ್ಟಣವೇ ಬೇಕೆಂದಿಲ್ಲ. 1990ರ ದಶಕದಲ್ಲಿ ರಾತ್ರಿ ಬಂದು ಕದ ತಟ್ಟುವ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಬೆಂಗಳೂರಿನವರು ಮಾತ್ರವಲ್ಲ.

‘ವದಂತಿ’ಯೆಂಬುದು ಸಂಸ್ಕೃತದಲ್ಲಿ ‘ಹೇಳುತ್ತಾರೆ’ ಎಂಬ ಕ್ರಿಯಾಪದ. ‘ಐತಿಹ್ಯ’ದ ಬುಡದಲ್ಲಿಯೂ ‘ಇತಿ ಹ’, ಅಂದರೆ ‘ಹೀಗಂತೆ’ ಎಂಬ ಮಾತೇ ಇದೆ. ಕನ್ನಡದಲ್ಲಿ ಈ ಕೆಲಸವನ್ನು ‘ಅಂತೆ’ ಮಾಡುತ್ತದೆ, ಮತ್ತು ಬಹಳ ಪ್ರಾಮಾಣಿಕವಾಗಿ ಮಾಡುತ್ತದೆ ಎಂಬುದು ನನಗೆ ಮನದಟ್ಟಾದದ್ದು 2018ರ ಮೇ ತಿಂಗಳಿನಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳದಲ್ಲಿ. ಹಲಸಿನ ಹಪ್ಪಳ ಹಚ್ಚುತ್ತಿದ್ದ ದೊಡ್ಡಮ್ಮ, “ಪೇಟೆ ಕಡೆ ಮಕ್ಕಳ ಕಳ್ಳರು ಬಂದಿದಾರಂತೆ” ಎಂದರು. ಯಾರು ಹೇಳಿದ್ದೆಂದು ಕೇಳಿದಾಗ, “ಮೇಲಿನ ಮನೆಯವಳು ಹೇಳಿದ್ಲು. ಅವಳಿಗೆ ಫೋನಲ್ಲಿ ಬಂದಿತ್ತಂತೆ” ಎಂದರು. ತಾನು ಕಂಡದ್ದಲ್ಲ, ಕೇಳಿದ್ದು ಎಂಬುದನ್ನು ಅವರು ಒಮ್ಮೆಯೂ ಮರೆಮಾಚಲಿಲ್ಲ. ಆ ಸಂಜೆ ವಾಹಿನಿಯೊಂದರ ವಾರ್ತೆಯಲ್ಲಿ, ಅಂಥ ತಂಡವೊಂದು ಮಲೆನಾಡಿಗೆ ಬಂದಿದೆ ‘ಎನ್ನಲಾಗಿದೆ’ ಎಂದು ಓದಿದರು. ತೆರೆಯ ಕೆಳಗಿನ ಪಟ್ಟಿಯಲ್ಲಿ ಆ ‘ಎನ್ನಲಾಗಿದೆ’ಯೂ ಇರಲಿಲ್ಲ. ಮರುದಿನ ದೊಡ್ಡಮ್ಮನ ಬಾಯಲ್ಲಿ “ಬಂದಿದಾರೆ, ಟಿವಿಯಲ್ಲೇ ಹೇಳಿದ್ರಲ್ಲ” ಎಂದಾಗಿತ್ತು. ವರ್ಷವೂ ಬರುತ್ತಿದ್ದ ಚಾಪೆ ಮಾರುವವನನ್ನು ಆ ವಾರ ಯಾರೂ ಜಗಲಿ ಹತ್ತಿಸಲಿಲ್ಲ. ಬಂದವರನ್ನು ಮೊದಲು ‘ಆಸರಿಗೆ ಬೇಕಾ’ (ಕುಡಿಯಲು ಏನಾದರೂ ಬೇಕೇ) ಎಂದು ಕೇಳುವ ಸೀಮೆಯಲ್ಲಿ ಅವನಿಗೆ ಒಂದು ಲೋಟ ನೀರೂ ಸಿಗಲಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

‘ಎನ್ನಲಾಗಿದೆ’ ಎಂಬುದರಲ್ಲಿ ಅಂದವರು ಯಾರೆಂಬುದು ಅಳಿಸಿಹೋಗುತ್ತದೆ, ಮಾತಿಗೆ ಮಾತ್ರ ಸರ್ಕಾರಿ ಕಾಗದದ ಗತ್ತು ಬರುತ್ತದೆ. ‘ಅಂತೆ’ ಕೇಳಿದವನು ‘ಯಾರಂತೆ?’ ಎಂದು ಕೇಳಬಲ್ಲ. ‘ಎನ್ನಲಾಗಿದೆ’ಗೆ ಎದುರುಪ್ರಶ್ನೆ ಹಾಕುವುದು ನಮಗೆ ರೂಢಿಯಾಗಿಲ್ಲ. ಆ ದಿನಗಳಲ್ಲಿ ಮೊಬೈಲುಗಳಲ್ಲಿ ಹರಿದಾಡಿದ ಅಪಹರಣದ ದೃಶ್ಯವು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ತಯಾರಿಸಿದ ಚಿತ್ರದ ತುಣುಕಾಗಿತ್ತು. ಬೈಕಿನವರು ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಿನವರನ್ನು ಕಳ್ಳರೆಂದು ಬಗೆದು ಜನ ಹೊಡೆದರು, ಒಬ್ಬರು ಸತ್ತರು. ಆದ್ದರಿಂದ ಈ ಪದದ ಆಯ್ಕೆಯನ್ನು ಬರಿಯ ಅನುವಾದದ ತೊಡಕೆಂದು ಬದಿಗಿಡಲು ನನಗೆ ಮನಸ್ಸಿಲ್ಲ. ಆಡುಮಾತಿನ ‘ಅಂತೆಕಂತೆ’ಯನ್ನೇ ಎತ್ತಿಕೊಂಡು ‘ಅಂತೆಗತೆ’ ಎಂದು ಕಟ್ಟಿದರೆ, ಕತೆ ಎಲ್ಲಿಗೆ ಹೋದರೂ ಅದರ ಅನುಮಾನ ಜೊತೆಗೇ ಹೋಗುತ್ತದೆ ಎಂದು ನನಗನ್ನಿಸುತ್ತದೆ.

‘ಮಾರಲ್ ಪ್ಯಾನಿಕ್’ಗೆ ‘ನೈತಿಕ ಭೀತಿ’ ಒಗ್ಗುವುದಿಲ್ಲ. ‘ಪಾಪಭೀರು’ ಎಂದರೆ ಹೊಗಳಿಕೆಯಾಗುವ ಭಾಷೆಯಲ್ಲಿ ‘ನೈತಿಕ ಭೀತಿ’ಯೂ ಸದ್ಗುಣದಂತೆಯೇ ಕೇಳುತ್ತದೆ. ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಕೋಹೆನ್ 1972ರಲ್ಲಿ ಈ ಪರಿಕಲ್ಪನೆಯನ್ನು ವಿವರಿಸಿದ್ದು, 1964ರಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್ ಎಂಬ ಕಡಲತಡಿಯ ಊರಿನಲ್ಲಿ ಹುಡುಗರ ಗುಂಪುಗಳ ನಡುವೆ ನಡೆದ ಸಣ್ಣ ಗಲಾಟೆಯನ್ನು ಪತ್ರಿಕೆಗಳು ನಾಡಿಗೇ ಬಂದ ಗಂಡಾಂತರದಂತೆ ಬಿಂಬಿಸಿದ ರೀತಿಯನ್ನು ಗಮನಿಸಿ. ಇದಕ್ಕೆ ‘ಹುಯಿಲು’ ಹತ್ತಿರದ ಪದ. ಗುಲ್ಲು ತಾನಾಗಿಯೂ ಏಳಬಹುದು; ‘ಹುಯಿಲೆಬ್ಬಿಸು’ ಎಂದಾಗ ಎಬ್ಬಿಸಿದವರು ಯಾರೆಂದು ವಾಕ್ಯವೇ ಕೇಳುತ್ತದೆ. ಆದರೆ ‘ಹುಯಿಲು’ ಶಬ್ದದಲ್ಲಿ ಕೂಗಾಟವಿದೆಯೇ ಹೊರತು ಹೆದರಿಕೆ ಇಲ್ಲವೆಂಬ ಅಳುಕು ನನಗಿದೆ. ‘ಭಯದ ಹುಯಿಲು’ ಎಂದರೆ ಪದ ಉದ್ದವಾಯಿತು.

ತಮ್ಮ ಕಡೆ ಇಂಥ ಸುದ್ದಿಗೆ, ಅದರಿಂದೇಳುವ ದಿಗಿಲಿಗೆ ಬೇರೆ ಮಾತು ಬಳಕೆಯಲ್ಲಿದ್ದರೆ, ಅದನ್ನು ಯಾರು ಯಾವ ಸಂದರ್ಭದಲ್ಲಿ ಆಡುತ್ತಾರೆಂಬುದರ ಸಮೇತ ತಿಳಿಸಬೇಕಾಗಿ ಕೋರುತ್ತೇನೆ. ‘ಎನ್ನಲಾಗಿದೆ’ ಕನ್ನಡ ಪತ್ರಿಕೆಗಳಲ್ಲಿ ಎಂದಿನಿಂದ ಬೇರೂರಿತೆಂಬುದನ್ನು ಹಳೆಯ ಸಂಚಿಕೆಗಳಲ್ಲಿ ಗಮನಿಸಿದವರಿದ್ದರೆ ಅದನ್ನೂ ಬರೆಯಿರಿ.