2034ರ ಫುಟ್‌ಬಾಲ್ ವಿಶ್ವಕಪ್: ಎದುರಾಳಿಯೇ ಇಲ್ಲದೆ ನಡೆದ ಆಯ್ಕೆಯನ್ನು ಒಪ್ಪಬಹುದೇ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಕಳೆದ ವಾರ ಸಂಜೆಯ ಅಭ್ಯಾಸ ಮುಗಿಸಿ ಗೋಲಿನ ಬಲೆ ಬಿಚ್ಚುತ್ತಿದ್ದಾಗ, ವಿಶ್ವಕಪ್ ಯಾವ ದೇಶದಲ್ಲಿ ನಡೆಯಬೇಕೆಂದು ತೀರ್ಮಾನಿಸುವವರು ಯಾರು ಎಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ಜಗತ್ತಿನ ಫುಟ್‌ಬಾಲ್ ಆಡಳಿತ ನೋಡಿಕೊಳ್ಳುವ ಫಿಫಾದ 211 ಸದಸ್ಯ ಸಂಸ್ಥೆಗಳು ಮತ ಹಾಕುತ್ತವೆ ಎಂದೆ. ಹಾಗಾದರೆ 2034ಕ್ಕೆ ಸೌದಿ ಅರೇಬಿಯಾಕ್ಕೆ ಎಷ್ಟು ಮತ ಬಿದ್ದವು ಎಂದು ಕೇಳಿದ. ಮತ ಎಣಿಸಲೇ ಇಲ್ಲ, ಪರದೆಯ ಮುಂದೆ ಕುಳಿತ ಪ್ರತಿನಿಧಿಗಳು ಚಪ್ಪಾಳೆ ತಟ್ಟಿ ಒಪ್ಪಿದರು ಎಂದು ಹೇಳುವಾಗ ನನಗೇ ಮುಜುಗರವಾಯಿತು.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. 1930ರಲ್ಲಿ ಉರುಗ್ವೆಯಲ್ಲಿ ಮೊದಲ ವಿಶ್ವಕಪ್ ನಡೆದ ನೂರನೆಯ ವರ್ಷದ ನೆನಪಿಗೆಂದು 2030ರ ಮೂರು ಪಂದ್ಯಗಳನ್ನು ಉರುಗ್ವೆ, ಅರ್ಜೆಂಟೀನಾ ಮತ್ತು ಪರಗ್ವೆಗೆ ಒಂದೊಂದರಂತೆ ಕೊಟ್ಟು, ಉಳಿದ ಟೂರ್ನಿಯನ್ನು ಮೊರಾಕೊ, ಸ್ಪೇನ್, ಪೋರ್ಚುಗಲ್‌ಗಳಿಗೆ ಹಂಚುವುದಾಗಿ 2023ರ ಅಕ್ಟೋಬರ್ 4ರಂದು ಫಿಫಾ ಪ್ರಕಟಿಸಿತು. ಒಂದೇ ಏಟಿಗೆ ಮೂರು ಖಂಡಗಳ ಸರದಿ ಮುಗಿಯಿತು. ಉತ್ತರ ಅಮೆರಿಕದ ಸರದಿ 2026ಕ್ಕೇ ಆಗಿತ್ತು. ಇತ್ತೀಚೆಗೆ ಆತಿಥ್ಯ ಪಡೆದ ಖಂಡಕ್ಕೆ ಮತ್ತೆ ತಕ್ಷಣ ಅವಕಾಶವಿಲ್ಲ ಎಂಬ ನಿಯಮವಿರುವುದರಿಂದ 2034ಕ್ಕೆ ಏಷ್ಯಾ ಮತ್ತು ಓಷಿಯಾನಿಯಾ ಮಾತ್ರ ಉಳಿದವು. ಆಸಕ್ತಿ ತಿಳಿಸಲು ಅದೇ ಅಕ್ಟೋಬರ್ 31ರ ಗಡುವು. ಒಂದು ತಿಂಗಳೂ ಇಲ್ಲ. ಆಸ್ಟ್ರೇಲಿಯಾ ಕೊನೆಯ ದಿನ ಹಿಂದೆ ಸರಿಯಿತು, ಸೌದಿ ಒಂದೇ ಉಳಿಯಿತು. 2024ರ ಡಿಸೆಂಬರ್ 11ರಂದು 2030 ಮತ್ತು 2034 ಎರಡನ್ನೂ ಒಟ್ಟಿಗೇ ಅಂಗೀಕರಿಸಲಾಯಿತು.

ನನಗೆ ಸೌದಿಯ ಮೇಲೆ ದ್ವೇಷವಿಲ್ಲ. 2023ರ ಮಾರ್ಚ್ 4ರಂದು ನಮ್ಮ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ಬಳಿಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಎತ್ತಿದ್ದು ರಿಯಾದ್‌ನ ಮೈದಾನದಲ್ಲೇ. ಹಿಂದೆ ಆ ಟ್ರೋಫಿ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿತ್ತು. ಅಂದು ಖುಷಿಯಿಂದ ಕುಣಿದವರಲ್ಲಿ ನಾನೂ ಒಬ್ಬ. ಆದರೂ ಒಬ್ಬನೇ ಓಡಿದ ಓಟದಲ್ಲಿ ಮೊದಲ ಬಹುಮಾನ ಕೊಡುವುದು ಆಯ್ಕೆಯೆನಿಸೀತೇ? ಆತಿಥೇಯ ದೇಶವನ್ನು ಆರಿಸುವಾಗ ಯಾವುದನ್ನು ಮುಖ್ಯವಾಗಿ ನೋಡಬೇಕು? ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 (ಪಾಂಡವಪುರ)

ನನ್ನ ಅಣ್ಣ 2013ರಿಂದ 2017ರವರೆಗೆ ಕತಾರ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಅವನು ಕೆಲಸ ಮಾಡಿದ್ದು ಕ್ರೀಡಾಂಗಣದಲ್ಲಲ್ಲ, ಅಲ್ಲಿ ನಡೆಯಲಿದ್ದ 2022ರ ವಿಶ್ವಕಪ್ಪಿನ ಭರದಲ್ಲಿ ಎದ್ದ ವಸತಿ ಕಟ್ಟಡಗಳಲ್ಲಿ. ಬೇಸಿಗೆಯ ತಿಂಗಳುಗಳಲ್ಲಿ ಬೆಳಿಗ್ಗೆ ಹನ್ನೊಂದೂವರೆಯಿಂದ ಮಧ್ಯಾಹ್ನ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನು ಆಗಲೂ ಅಲ್ಲಿ ಇತ್ತು. ಹತ್ತು ಗಂಟೆಯ ಬಿಸಿಲು ಏನು ತಂಪೇ ಎಂದು ಅಣ್ಣ ಕೇಳುತ್ತಿದ್ದ. ರಾತ್ರಿ ವಿಡಿಯೊ ಕರೆ ಮಾಡಿದಾಗ ಅವನ ಹಿಂದೆ ಮಂಚದ ಸರಳಿಗೆ ನೇತುಹಾಕಿದ ನೀಲಿ ಅಂಗಿ ಕಾಣುತ್ತಿತ್ತು. ಬೆನ್ನಿನ ಭಾಗದಲ್ಲಿ ಬೆವರು ಒಣಗಿ, ಕೆರೆಯ ನೀರು ಇಳಿದ ಹಾಗೆ ಒಂದರ ಕೆಳಗೊಂದು ಬಿಳಿಯ ಉಪ್ಪಿನ ಗೆರೆಗಳು ಮೂಡಿರುತ್ತಿದ್ದವು. ಅಮ್ಮ ಆ ಅಂಗಿಯನ್ನೇ ನೋಡುತ್ತಿದ್ದಳು.

ನಮ್ಮ ತಂದೆ ತೀರಿಕೊಂಡಾಗ ಅಣ್ಣನಿಗೆ ಬರಲಾಗಲಿಲ್ಲ. ಪಾಸ್‌ಪೋರ್ಟ್ ಮಾಲೀಕರ ಬೀರುವಿನಲ್ಲಿತ್ತು. ದೇಶ ಬಿಡಲು ಅವರ ಒಪ್ಪಿಗೆ ಪತ್ರವೂ ಬೇಕಿತ್ತು. ಅದು ಕೈಸೇರಿ ಅವನು ಊರು ಮುಟ್ಟುವ ಹೊತ್ತಿಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು, ಹನ್ನೊಂದನೆಯ ದಿನದ ಕಾರ್ಯವನ್ನೂ ನಾನೇ ಮುಗಿಸಿದ್ದೆ.

ಬಹುಪಾಲು ಕಾರ್ಮಿಕರಿಗೆ ಆ ಒಪ್ಪಿಗೆ ಪತ್ರದ ಅಗತ್ಯವಿಲ್ಲ ಎಂದು ಕತಾರ್ ಕಾನೂನು ಬದಲಿಸಿದ್ದು 2018ರಲ್ಲಿ. ಮಾಲೀಕರ ಅನುಮತಿಯಿಲ್ಲದೆ ಕೆಲಸ ಬದಲಿಸಬಹುದೆಂದು ಆದದ್ದು 2020ರಲ್ಲಿ. ತಿಂಗಳಿಗೆ 1000 ರಿಯಾಲ್ ಕನಿಷ್ಠ ಕೂಲಿ ಎಲ್ಲರಿಗೂ ಜಾರಿಗೆ ಬಂದದ್ದು 2021ರ ಮಾರ್ಚ್‌ನಲ್ಲಿ. ಇವು ಒಳ್ಳೆಯ ಬದಲಾವಣೆಗಳು, ಅಲ್ಲಗಳೆಯುವುದಿಲ್ಲ. ಆದರೆ ಆತಿಥ್ಯದ ಮತದಾನ ನಡೆದಿದ್ದು 2010ರ ಡಿಸೆಂಬರ್ 2ರಂದು. ನಡುವಿನ ಹತ್ತು ವರ್ಷಗಳಲ್ಲೇ ಕೆಲಸದ ಬಹುಭಾಗ ಮುಗಿದಿತ್ತು.

ಆದ್ದರಿಂದ ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಯಾವ ದೇಶ ಎಂಬುದಕ್ಕಿಂತ ಯಾವಾಗ ಷರತ್ತು ಹಾಕುತ್ತೀರಿ ಎಂಬುದು ದೊಡ್ಡದು. ಕಬ್ಬನ್ನು ಕಾರ್ಖಾನೆಗೆ ಸಾಗಿಸುವ ಮೊದಲು ರೈತನ ಮಾತಿಗೆ ಬೆಲೆಯಿರುತ್ತದೆ. ತೂಕದ ಸೇತುವೆ ದಾಟಿದ ಮೇಲೆ ಬಾಕಿ ಹಣಕ್ಕಾಗಿ ಅಲೆಯುವುದೊಂದೇ ಉಳಿಯುತ್ತದೆ. ಇದನ್ನು ಮಂಡ್ಯ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರು ಅಭ್ಯರ್ಥಿಗಳಿದ್ದು, ಸೋಲುವ ಭಯ ಇಬ್ಬರಿಗೂ ಇರುವ ತನಕ ಮಾತ್ರ ಫಿಫಾ ಏನನ್ನಾದರೂ ಬರೆಸಿಕೊಳ್ಳಬಲ್ಲದು. 2034ರ ವಿಷಯದಲ್ಲಿ ಫಿಫಾ ಆ ಗಳಿಗೆಯನ್ನು ತಾನಾಗಿಯೇ ಕಳೆದುಕೊಂಡಿತು. ಈಗ ಅಲ್ಲಿಗೆ ದುಡಿಯಲು ಹೋಗುವವರಲ್ಲಿ ನಮ್ಮ ಹುಡುಗರೂ ಇರುತ್ತಾರೆ.

ಉತ್ತರ 2 (ವಿಜಯನಗರ ಎರಡನೇ ಹಂತ, ಮೈಸೂರು)

ಸಿವಿಲ್ ಎಂಜಿನಿಯರ್ ಆಗಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು ನಾನು. ಕಟ್ಟಡದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 1974 ಮತ್ತು 1994ರ ಬಳಿಕ ಆ ಊರಿಗೆ ಅದು ಮೂರನೆಯದು. ಮೂರು ದಿನಗಳ ಹಬ್ಬಕ್ಕೆ ಪೆಂಡಾಲು ಹಾಕಿದರು, ಮುಗಿದ ಮೇಲೆ ಬಿಚ್ಚಿದರು. ಅದಕ್ಕಾಗಿ ಯಾರೂ ಶಾಶ್ವತ ಸಭಾಂಗಣ ಕಟ್ಟಿಸಲಿಲ್ಲ. ವಿಶ್ವಕಪ್ಪಿನಲ್ಲಿ ಈ ವಿವೇಕ ಬಹಳ ಕಡೆ ತಪ್ಪಿದೆ. 2014ರಲ್ಲಿ ಬ್ರೆಜಿಲ್ ಅಮೆಜಾನ್ ಕಾಡಿನ ನಡುವಿನ ಮನೌಸ್ ನಗರದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ಕಟ್ಟಿತು. ಅಲ್ಲಿ ನಡೆದ ವಿಶ್ವಕಪ್ ಪಂದ್ಯಗಳು ಕೇವಲ ನಾಲ್ಕು. ಅಷ್ಟು ಜನರನ್ನು ಸೆಳೆಯುವ ಸ್ಥಳೀಯ ತಂಡ ಆ ಊರಿನಲ್ಲಿ ಇರಲಿಲ್ಲವೆಂಬುದು ನಕ್ಷೆ ಬರೆಯುವಾಗಲೇ ಗೊತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲು, 2013ರ ಜೂನ್‌ನಲ್ಲಿ, ಬಸ್ ದರ ಏರಿಕೆಯ ವಿರುದ್ಧ ಶುರುವಾದ ಪ್ರತಿಭಟನೆ ಕ್ರೀಡಾಂಗಣಗಳ ಖರ್ಚಿನ ಕಡೆಗೂ ಹೊರಳಿತ್ತು. ಫುಟ್‌ಬಾಲನ್ನೇ ಉಸಿರಾಡುವ ದೇಶದ ಜನ, ನಮಗೆ ಆಸ್ಪತ್ರೆ ಬೇಕು, ಶಾಲೆ ಬೇಕು ಎಂದು ಬೀದಿಗಿಳಿದಿದ್ದರು.

ಕತಾರ್‌ನ ಲೆಕ್ಕದಲ್ಲಿ ಒಂದು ಒಳ್ಳೆಯ ಅಂಶವೂ ಇದೆ. ದೋಹಾದ ಬಂದರಿನ ಬಳಿ 974 ಸರಕು ಕಂಟೇನರುಗಳನ್ನೂ ಉಕ್ಕಿನ ಚೌಕಟ್ಟನ್ನೂ ಜೋಡಿಸಿ ಕಟ್ಟಿದ ಸ್ಟೇಡಿಯಂ 974 ಕಳಚಿ ಬೇರೆಡೆಗೆ ಸಾಗಿಸಬಹುದಾದ ವಿನ್ಯಾಸದ್ದು. ಸಮುದ್ರದ ಗಾಳಿ ಆಡುವಂತೆ ಕಟ್ಟಿದ್ದರಿಂದ ಉಳಿದ ಕ್ರೀಡಾಂಗಣಗಳಿಗೆ ಅಳವಡಿಸಿದ್ದ ತಂಪುಗೊಳಿಸುವ ಯಂತ್ರಗಳೂ ಅದಕ್ಕೆ ಬೇಕಾಗಲಿಲ್ಲ. ಎಂಜಿನಿಯರನ ಕಣ್ಣಿಗೆ ಅದು ನಿಜಕ್ಕೂ ಸುಂದರ ಕೆಲಸ. ಬೋಲ್ಟು ಬಿಚ್ಚುವುದನ್ನು ಮುಂಚೆಯೇ ಯೋಚಿಸಿ ಬೋಲ್ಟು ಹಾಕಿದ್ದಾರೆ.

ಇನ್ನು ಸೌದಿಯ ಯೋಜನೆಗೆ ಬರುತ್ತೇನೆ. 48 ತಂಡಗಳು, 104 ಪಂದ್ಯಗಳಿಗಾಗಿ 15 ಕ್ರೀಡಾಂಗಣಗಳ ಪಟ್ಟಿ ಕೊಟ್ಟಿದ್ದಾರೆ. ಅವುಗಳಲ್ಲಿ ಹೆಚ್ಚಿನವನ್ನು ಹೊಸದಾಗಿ ಕಟ್ಟಬೇಕು. ಹೊಸದಾಗಿ ಕಟ್ಟುತ್ತಿರುವ ನಿಯೋಮ್ ನಗರದ ಒಂದು ಕ್ರೀಡಾಂಗಣ ನೆಲದಿಂದ 350 ಮೀಟರ್ ಎತ್ತರದಲ್ಲಿ ಇರುತ್ತದೆಂದು ಆತಿಥ್ಯದ ಅರ್ಜಿಯಲ್ಲೇ ಬರೆದಿದ್ದಾರೆ. ಹೋಲಿಕೆಗೆ ನೋಡಿ, ಅಮೆರಿಕ, ಮೆಕ್ಸಿಕೊ, ಕೆನಡಾಗಳು 2026ಕ್ಕೆ 16 ನಗರಗಳನ್ನು ಆರಿಸಿದಾಗ ಎಲ್ಲ ಕಡೆಯೂ ಕ್ರೀಡಾಂಗಣ ಮೊದಲೇ ಇತ್ತು. ಹೀಗಿದ್ದರೂ ಫಿಫಾದ ಮೌಲ್ಯಮಾಪನ ಸೌದಿಗೆ 500ಕ್ಕೆ 419.8 ಅಂಕ ಕೊಟ್ಟಿದೆ. ಇರುವುದಕ್ಕೂ ಇರಲಿರುವುದಕ್ಕೂ ಒಂದೇ ತಕ್ಕಡಿ ಹಿಡಿಯುವ ಮೌಲ್ಯಮಾಪನವನ್ನು ನನ್ನ ವೃತ್ತಿಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಅಡಿಪಾಯ ಹಾಕುವ ಮೊದಲೇ ಬಿಲ್ಲಿಗೆ ಸಹಿ ಹಾಕಿದಂತಾಗುತ್ತದೆ.

ಆದರೆ ಹಲವು ದೇಶಗಳಿಗೆ ಹಂಚಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ವಾದವೂ ನನಗೆ ಒಪ್ಪಿಗೆಯಿಲ್ಲ. 2030ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಒಂದು ಪಂದ್ಯ ಆಡಿದ ತಂಡ ಮುಂದಿನ ಪಂದ್ಯಕ್ಕೆ ಅಟ್ಲಾಂಟಿಕ್ ದಾಟಿ ಹಾರಬೇಕು, ಅದರ ಹಿಂದೆ ಅಭಿಮಾನಿಗಳೂ ಹಾರಬೇಕು. ಕಾಂಕ್ರೀಟು ಉಳಿಸಿ ವಿಮಾನದ ಇಂಧನ ಸುಟ್ಟರೆ ಉಳಿತಾಯವಾದದ್ದು ಎಲ್ಲಿ? ನೆರೆಯ ಎರಡು ಮೂರು ದೇಶಗಳು ರೈಲಿನಲ್ಲಿ ಓಡಾಡಬಹುದಾದ ದೂರದಲ್ಲಿ ಇದ್ದರೆ ಮಾತ್ರ ಹಂಚಿಕೆಗೆ ಅರ್ಥವಿದೆ.

ಉತ್ತರ 3 (ಮಂಡ್ಯ ನಗರ)

ಮೇಲಿನ ಇಬ್ಬರೂ ಹೇಳಿದ್ದರಲ್ಲಿ ಸತ್ಯವಿದೆ. ಆದರೂ ನಾನು ಭಿನ್ನಾಭಿಪ್ರಾಯ ದಾಖಲಿಸಲೇಬೇಕು. ನಾನು ಕಾಲೇಜಿನ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದವಳು. ಈಗ ಹೆಣ್ಣುಮಕ್ಕಳಿಗೆ ವಾರಾಂತ್ಯದಲ್ಲಿ ಆಟ ಹೇಳಿಕೊಡುತ್ತೇನೆ.

1930ರಿಂದ 1998ರವರೆಗೆ ನಡೆದ 16 ವಿಶ್ವಕಪ್‌ಗಳಲ್ಲಿ ಒಂದೂ ಯುರೋಪ್ ಮತ್ತು ಅಮೆರಿಕ ಖಂಡಗಳ ಆಚೆಗೆ ಹೋಗಲಿಲ್ಲ. ಏಷ್ಯಾಕ್ಕೆ ಮೊದಲ ಸಲ ಬಂದದ್ದು 2002ರಲ್ಲಿ, ಆಫ್ರಿಕಾಕ್ಕೆ 2010ರಲ್ಲಿ. ಮೊರಾಕೊ 1994, 1998, 2006, 2010 ಮತ್ತು 2026ಕ್ಕೆ ಅರ್ಜಿ ಹಾಕಿ ಐದು ಬಾರಿ ಸೋತಿದೆ. 2026ರ ಆತಿಥ್ಯಕ್ಕಾಗಿ 2018ರ ಜೂನ್‌ನಲ್ಲಿ ಮಾಸ್ಕೊದಲ್ಲಿ ನಡೆದ ಮತದಾನದಲ್ಲಿ ಅದು 134–65ರಿಂದ ಸೋತಾಗ, ಅದು ಸ್ಪರ್ಧೆಯಿದ್ದ, ಯಾರ ಮತ ಯಾರಿಗೆ ಎಂದು ಪ್ರಕಟವಾದ ಆಯ್ಕೆಯೇ ಆಗಿತ್ತು. ಸ್ಪರ್ಧೆಯೊಂದೇ ನ್ಯಾಯದ ಗುರುತು ಎನ್ನುವುದಾದರೆ, ಕ್ರೀಡಾಂಗಣ, ಹೋಟೆಲು, ವಿಮಾನ ನಿಲ್ದಾಣ ಎಲ್ಲವನ್ನೂ ಮೊದಲೇ ಕಟ್ಟಿಕೊಂಡ ಶ್ರೀಮಂತ ದೇಶಗಳು ಪ್ರತಿ ಸಲವೂ ಗೆಲ್ಲುತ್ತವೆ. ಎಂಜಿನಿಯರ್ ಹಿರಿಯರು ಹೇಳಿದ ಹಾಗೆ ಇರುವ ಕ್ರೀಡಾಂಗಣಕ್ಕೇ ಅಂಕ ಕೊಟ್ಟರೆ ಭಾರತದಂಥ ದೇಶ ಆ ಸಾಲಿನಲ್ಲಿ ಎಂದಾದರೂ ನಿಲ್ಲಬಹುದೇ? 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮಲ್ಲಿ ನಡೆದಾಗ 13 ಲಕ್ಷಕ್ಕೂ ಹೆಚ್ಚು ಜನ ಬಂದು ನೋಡಿದರು. ಆ ಟೂರ್ನಿಯ ಚರಿತ್ರೆಯಲ್ಲಿ ಅದು ದಾಖಲೆ. ಪ್ರೇಕ್ಷಕರ ಹಂಬಲಕ್ಕೆ ಯಾವ ಮೌಲ್ಯಮಾಪನದಲ್ಲಿ ಅಂಕವಿದೆ?

ಮಾನವ ಹಕ್ಕಿನ ಮಾತೂ ಏಷ್ಯಾದ ಬಾಗಿಲಿಗೆ ಬಂದಾಗ ಮಾತ್ರ ಗಟ್ಟಿಯಾಗಿ ಕೇಳಿಸುತ್ತದೆ. 1934ರ ಆತಿಥ್ಯ ಮುಸೊಲಿನಿಯ ಇಟಲಿಗೆ ದೊರೆತಿತ್ತು. 1978ರಲ್ಲಿ ಅರ್ಜೆಂಟೀನಾವನ್ನು ಸೇನಾಡಳಿತ ಆಳುತ್ತಿತ್ತು. ಫೈನಲ್ ನಡೆದ ಕ್ರೀಡಾಂಗಣದ ಹತ್ತಿರದಲ್ಲೇ ಜನರನ್ನು ಹಿಡಿದಿಟ್ಟು ಹಿಂಸಿಸುತ್ತಿದ್ದ ನೌಕಾಪಡೆಯ ಶಾಲೆಯಿತ್ತು.

ಸೌದಿಯಲ್ಲಿ ಹೆಂಗಸರಿಗೆ ಫುಟ್‌ಬಾಲ್ ಕ್ರೀಡಾಂಗಣದ ಒಳಗೆ ಕುಳಿತು ಪಂದ್ಯ ನೋಡಲು ಅವಕಾಶ ಸಿಕ್ಕಿದ್ದು 2018ರ ಜನವರಿಯಲ್ಲಿ. ಅವರ ಮಹಿಳಾ ರಾಷ್ಟ್ರೀಯ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 2022ರ ಫೆಬ್ರವರಿಯಲ್ಲಿ, ಸೆಶೆಲ್ಸ್ ವಿರುದ್ಧ, ಮತ್ತು ಆ ಪಂದ್ಯವನ್ನು 2–0ರಿಂದ ಗೆದ್ದರು. ಇಷ್ಟು ತಡವಾಗಿ ಎಂದು ನನಗೆ ಸಿಟ್ಟು ಬರುತ್ತದೆ. ಆದರೆ 2034ಕ್ಕೆ ಲೋಕದ ಕಣ್ಣು ಅಲ್ಲಿರುತ್ತದೆಂಬ ಕಾರಣಕ್ಕೆ ಅಲ್ಲಿನ ಒಬ್ಬ ಹುಡುಗಿಗೆ ಬೂಟು ಸಿಕ್ಕಿದರೂ ನಾನು ಆ ಹುಡುಗಿಯ ಪಕ್ಷ. ಪಾಂಡವಪುರದವರ ಅಣ್ಣನ ಕಷ್ಟದ ಮುಂದೆ ಈ ಮಾತು ಸಣ್ಣದೆನಿಸಿದರೆ ಕ್ಷಮೆಯಿರಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ (ಸರಸ್ವತಿಪುರಂ, ಮೈಸೂರು)

ಮೂವರಿಗೂ ಧನ್ಯವಾದಗಳು. ಮಂಡ್ಯದ ಸಹೋದರಿಯ ಪತ್ರವನ್ನು ಎರಡು ಸಲ ಓದಿದೆ. ಏಷ್ಯಾಕ್ಕೆ ಸರದಿ ಸಿಗಲೇಬೇಕು ಎಂಬುದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಖಂಡಗಳ ಸರದಿಯ ನಿಯಮ ಇರುವುದೂ ಅದಕ್ಕಾಗಿಯೇ. 2006ರ ಆತಿಥ್ಯವನ್ನು ದಕ್ಷಿಣ ಆಫ್ರಿಕಾ ಜರ್ಮನಿಗೆ 12–11ರಿಂದ, ಒಂದೇ ಮತದಿಂದ ಕಳೆದುಕೊಂಡ ನೋವಿನಿಂದಲೇ ಸರದಿಯ ಪದ್ಧತಿ ಬಂತು, 2010ರಲ್ಲಿ ಆಫ್ರಿಕಾಕ್ಕೆ ಟೂರ್ನಿ ದಕ್ಕಿತು. ಆದರೆ ಸರದಿ ಏಷ್ಯಾದ್ದಾದರೆ ಏಷ್ಯಾದೊಳಗೆ ನಾಲ್ಕಾರು ದೇಶಗಳು ಕೂಡಿ ಯೋಚಿಸಿ ಅರ್ಜಿ ಹಾಕುವಷ್ಟು ಕಾಲ ಕೊಡಬೇಕಿತ್ತು. ನಾಲ್ಕು ವಾರಕ್ಕೂ ಕಡಿಮೆ ಸಮಯದಲ್ಲಿ ಯಾವ ಬಡ ದೇಶ ತಾನೇ ಸರ್ಕಾರದ ಖಾತರಿ ಪತ್ರಗಳನ್ನು ಹೊಂದಿಸೀತು? ಅವಸರದ ಗಡುವಿನಿಂದ ಲಾಭವಾಗುವುದು ಮೊದಲೇ ಸಿದ್ಧವಾಗಿರುವ ಶ್ರೀಮಂತನಿಗೆ. ಹೀಗೆ ನೋಡಿದರೆ ಸಹೋದರಿಯ ವಾದ ನನ್ನ ವಾದಕ್ಕೇ ಬಲ ಕೊಡುತ್ತದೆ ಎನಿಸುತ್ತದೆ.

ಪಾಂಡವಪುರದವರಿಗೆ ಒಂದು ಪ್ರಶ್ನೆ. ನಿಮ್ಮ ಅಣ್ಣ ಈಗ ಮತ್ತೆ ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗುತ್ತಾರೆಯೇ? ಯಾವ ಷರತ್ತು ಮೊದಲು ಬೇಕೆನ್ನುತ್ತಾರೆ? ಮಕ್ಕಳಿಗೆ ಹೇಳಲು ಕೇಳುತ್ತಿದ್ದೇನೆ.

ಉತ್ತರ 4 (ಪಾಂಡವಪುರ)

ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಅಣ್ಣನನ್ನು ಕೇಳಿದೆ. ಈಗ ಊರಿನಲ್ಲೇ ಪಂಪ್‌ಸೆಟ್ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾನೆ, ಹೋಗುವ ಆಲೋಚನೆಯಿಲ್ಲ. ಆದರೆ ನಮ್ಮ ಚಿಕ್ಕಪ್ಪನ ಮಗ ರಿಯಾದ್‌ಗೆ ಹೊರಡಲು ಏಜೆಂಟರ ಹತ್ತಿರ ಮಾತಾಡಿಕೊಂಡಿದ್ದಾನೆ. ಅಣ್ಣ ಅವನಿಗೆ ಮೂರು ಸಂಗತಿ ಹೇಳಿ ಕಳಿಸಿದ್ದಾನಂತೆ. ಏಜೆಂಟರಿಗೆ ಕೊಟ್ಟ ಹಣಕ್ಕೆಲ್ಲ ರಸೀದಿ ತೆಗೆದುಕೋ, ಒಪ್ಪಂದದ ಕಾಗದವನ್ನು ವಿಮಾನ ಹತ್ತುವ ಮುಂಚೆ ನಿನಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೋ, ಪಾಸ್‌ಪೋರ್ಟ್ ಕೇಳಿದರೆ ಜೆರಾಕ್ಸ್ ಕೊಡು. ಫಿಫಾ ಏನು ಬರೆಸಿಕೊಳ್ಳಬೇಕಿತ್ತು ಎಂದು ನಿಮ್ಮ ಮಕ್ಕಳು ಕೇಳಿದರೆ, ಇವಿಷ್ಟನ್ನು ಮೊದಲ ಪುಟದಲ್ಲಿ ಬರೆಸಬೇಕಿತ್ತು ಎಂದು ನನ್ನ ಅಣ್ಣನ ಪರವಾಗಿ ಹೇಳಿ.