ಮಣಿಕಟ್ಟು ಗುಣಿಸು 2.52

ಪ್ರವೀಣ: [ಫಾರ್ವರ್ಡ್ ಮಾಡಿದ ಚಿತ್ರ] ಬಾಡಿಬಿಲ್ಡರ್ ಸ್ಟೀವ್ ರೀವ್ಸ್ ಪಟ್ಟಿ, ಮೂಳೆ ಅಳತೆಯಿಂದ ಮೈಕಟ್ಟಿನ ಗುರಿ ಲೆಕ್ಕ ಹಾಕೋದು. ಮಣಿಕಟ್ಟು × 2.52 = ರಟ್ಟೆ. ಪಾದದ ಗಿಣ್ಣು × 1.92 = ಮೀನಖಂಡ. ಸೊಂಟದೆಲುಬಿನ ಸುತ್ತಳತೆ × 1.48 = ಎದೆ. ಎಲ್ಲರೂ ಅಳೆದು ಹಾಕ್ರಪ್ಪ.

ನಾಗರಾಜ: 1947ರ ಮಿಸ್ಟರ್ ಅಮೆರಿಕ ಮೈಕಟ್ಟಿನ ಲೆಕ್ಕ ನಿನಗ್ಯಾಕೋ?

ಪ್ರವೀಣ: ಅದಕ್ಕೇ ಅಲ್ವಾ ಗುಣಿಸೋದು? ಅವರವರ ಮೂಳೆಗೆ ತಕ್ಕ ಹಾಗೆ ಬರುತ್ತೆ. ನನ್ನ ಮಣಿಕಟ್ಟು 19 ಸೆಂ.ಮೀ. ರಟ್ಟೆ 47.9 ಆಗ್ಬೇಕು.

ಶೈಲಾ: 19ಆ? ಟೇಪ್ ಎಲ್ಲಿಟ್ಟೆ ಮಾರಾಯ? ಕಿರುಬೆರಳ ಕಡೆ ಗುಂಡಗೆ ಉಬ್ಬಿರೋ ಮೂಳೆ ಮೇಲೆ ಸುತ್ತಿದ್ರೆ ಜಾಸ್ತಿನೇ ಬರೋದು. ಅದಕ್ಕೂ ಅಂಗೈಗೂ ನಡುವೆ ಸುತ್ತು. 1 ಸೆಂ.ಮೀ. ತಪ್ಪಿದ್ರೆ ನಿನ್ನ ಗುರಿ ಎರಡೂವರೆ ಸೆಂ.ಮೀ. ಜಾರುತ್ತೆ.

ಪ್ರವೀಣ: 17.5. ಸರಿ, 44.1.

ನಾಗರಾಜ: ಅದೂ ಗ್ಯಾರಂಟಿ ಇಲ್ಲ. ಪಟ್ಟಿ ನೋಡೋದು ಮೂಳೆ ದಪ್ಪ ಮಾತ್ರ. ಸ್ನಾಯು ಎಲ್ಲಿ ಅಂಟಿಕೊಂಡಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಮೊಣಕೈ 90 ಡಿಗ್ರಿ ಮಡಚಿ ಬೈಸೆಪ್ಸ್ ಬಿಗಿ ಮಾಡು. ಮೊಣಕೈ ಮಡಿಕೆಗೂ ಉಬ್ಬಿಗೂ ಮಧ್ಯ ಒಂದೇ ಬೆರಳು ಹಿಡಿಸಿದ್ರೆ ಉದ್ದ ಸ್ನಾಯು, ಮೂರು ಹಿಡಿಸಿದ್ರೆ ಗಿಡ್ಡ. ಗಿಡ್ಡ ಇದ್ದೋರಿಗೆ ಉಬ್ಬು ಎತ್ತರ ಕಾಣುತ್ತೆ, ತೋಳು ತುಂಬಿದ ಹಾಗೆ ಕಾಣಲ್ಲ. ಮಣಿಕಟ್ಟು ಒಂದೇ ಇದ್ರೂ.

ಹರೀಶ: ಭುಜದ ಕಥೆ ಏನು? ಜಿಮ್ ಬಾರ್ ಹಿಡಿದು ಜೋತುಬಿದ್ರೆ ಅಗಲ ಆಗುತ್ತೆ ಅಂತಾರೆ.

ಶೈಲಾ: ಭುಜಕ್ಕೆ ಅಗಲ ಕೊಡೋ ಕಾಲರ್ ಬೋನ್ ಸುಮಾರು 25 ವಯಸ್ಸಿನ ಹೊತ್ತಿಗೆ ಪೂರ್ತಿ ಬೆಸೆದಿರುತ್ತೆ. ಆಮೇಲೆ ಎಷ್ಟು ನೇತಾಡಿದ್ರೂ ಉದ್ದ ಆಗಲ್ಲ. ಬೆಳೆಯೋದು ಸ್ನಾಯು ಮಾತ್ರ: ಹೆಗಲ ಪಕ್ಕದ ಡೆಲ್ಟಾಯ್ಡ್, ಬೆನ್ನಿನ ಲ್ಯಾಟ್ಸ್.

ನಾಗರಾಜ: ಲ್ಯಾಟರಲ್ ರೈಸ್ ಮಾಡು, ಅಂದ್ರೆ ಡಂಬೆಲ್ ಹಿಡಿದು ಕೈ ಪಕ್ಕಕ್ಕೆ ಎತ್ತೋದು. ವಾರಕ್ಕೆ 2 ಸಲ, ಸಲಕ್ಕೆ 4 ಸೆಟ್, ಒಂದೊಂದು ಸೆಟ್‌ಗೆ 12ರಿಂದ 20 ಸಲ ಎತ್ತು. ಕೈ ಪೂರ್ತಿ ಪಕ್ಕಕ್ಕಲ್ಲ, ಸುಮಾರು 30 ಡಿಗ್ರಿ ಮುಂದಕ್ಕಿರಲಿ, ಭುಜದ ಮಟ್ಟಕ್ಕೆ ಬಂದ್ರೆ ಸಾಕು. ಹೆಗಲು ಕಿವಿ ಕಡೆ ಏರ್ತಿದ್ರೆ ಭಾರ ಜಾಸ್ತಿಯಾಯ್ತು ಅಂತ, ಕೆಲಸವೆಲ್ಲ ಕತ್ತು-ಹೆಗಲ ನಡುವಿನ ಟ್ರಾಪ್ಸ್ ಸ್ನಾಯು ಪಾಲು. ಮೇಲೆ ಬಂದಾಗ ಹೆಬ್ಬೆರಳು ಕೆಳಗೆ ತಿರುಗಿಸೋ ಹಳೇ ಚಾಳಿ ಬಿಡಿ, ಎಷ್ಟೋ ಜನಕ್ಕೆ ಭುಜದ ಸಂದಿ ಒತ್ತಿ ನೋವು ಬರುತ್ತೆ.

ಹರೀಶ: ಸೊಂಟ ಸಣ್ಣ ಮಾಡೋಕೆ ಪಕ್ಕಕ್ಕೆ ಬಾಗೋ ಸೈಡ್ ಬೆಂಡ್?

ಶೈಲಾ: ಡಂಬೆಲ್ ಹಿಡಿದು ಮಾಡಿದ್ರೆ ಪಕ್ಕದ ಸ್ನಾಯು ಬೆಳೆದು ದಪ್ಪನೇ ಆಗಬಹುದು. ಕೊಬ್ಬು ಇಳಿಸೋದು ಊಟದಲ್ಲಿ. ಸೊಂಟದೆಲುಬು ಇದ್ದಷ್ಟೇ ಇರುತ್ತೆ.

ಪ್ರವೀಣ: ಏನೇ ಹೇಳಿ, ಕಣ್ಣಮುಂದೆ ಒಂದು ನಂಬರ್ ಇರ್ಬೇಕಪ್ಪ.

ನಾಗರಾಜ: ಬೇಕಾದ್ರೆ ಭುಜದ ಸುತ್ತಳತೆ, ಹೊಕ್ಕುಳ ಹತ್ರ ಸೊಂಟ, ಎರಡೇ ಬರ್ಕೋ. ತಿಂಗಳಿಗೊಮ್ಮೆ, ಬೆಳಗ್ಗೆ ತಿಂಡಿಗೆ ಮುಂಚೆ. ಜಿಮ್ಮಿಂದ ಬಂದ ತಕ್ಷಣ ಅಳೀಬೇಡ, ರಕ್ತ ತುಂಬಿ ಉಬ್ಬಿರುತ್ತೆ.

ಪ್ರವೀಣ: ಪಟ್ಟಿ ಮಾತ್ರ ಡಿಲೀಟ್ ಮಾಡಲ್ಲ.